ಹನ್ನೆರಡನೆಯ ಕೆಂಪು ಸಾಲು

ಎರಡು ದಿನ ಉಳಿಸಿದೆ. ನಮ್ಮ ಮಾಸ್ತರರು ಒಂದು ಕೆಲಸಕ್ಕೆ ಎರಡು ದಿನ ಕೇಳಿದ್ದರು. ನಾನು ಚೌಕಾಸಿ ಮಾಡಿ ಅದನ್ನು ಅರ್ಧ ತಾಸಿಗೆ ಇಳಿಸಿದೆ. ಆ ಎರಡು ದಿನದ ಬೆಲೆ ತೆತ್ತವಳು ಮಾಸ್ತರರ ಅಕ್ಕ, ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಕೊಟ್ಟ ಹೆಣ್ಣುಮಗಳು. ತಾಯಿ ತೀರಿಕೊಂಡ ದಿನ ಆಕೆ ಕಿತ್ತೂರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು ಹೋಗಿತ್ತು. ತಾಯಿಯ ಮುಖ ಆಕೆಗೆ ಸಿಗಲಿಲ್ಲ. ಸಾಲದ್ದಕ್ಕೆ, ತಪ್ಪು ಆಕೆಯದೇ ಎಂದು ನಾಲ್ಕು ಜನರ ಎದುರು ನಾನು ಹೇಳಿಬಿಟ್ಟೆ. ಈಗ ಬರೆಯಲು ಕೂತಿರುವುದು ಆ ಮಾತಿನ ಸಲುವಾಗಿ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಬೈಲಹೊಂಗಲದ ದನದ ಸಂತೆಯಲ್ಲಿ ದಲ್ಲಾಳಿಯಾಗಿ ಬದುಕು ಶುರುಮಾಡಿದೆ. ಎತ್ತಿನ ವ್ಯಾಪಾರ ಬಾಯಿಂದ ಆಗುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳು ಒತ್ತಿ ದರ ಹೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಆ ಟವೆಲ್ಲಿನ ಕೆಳಗೆ ನಾನು ಕಲಿತ ವಿದ್ಯೆ ಒಂದೇ: ಎದುರಿನವನು ಹೇಳಿದ್ದು ಎಂದೂ ಕೊನೆಯ ದರವಲ್ಲ, ಇನ್ನೂ ಇಳಿಯುತ್ತದೆ. ಆ ವಿದ್ಯೆಯಿಂದ ಒಂದು ಹಳೆಯ ಕ್ರೂಸರ್ ಗಾಡಿ ಕೊಂಡೆ. ಅದು ಎರಡಾಯಿತು, ಈಗ ಆರು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು: ಇದು ನಮ್ಮ ಹಾದಿ. ಹುಣ್ಣಿಮೆ ಬಂದರೆ ಸವದತ್ತಿಯ ದೇವಿಯ ಗುಡ್ಡಕ್ಕೆ ಹೋಗುವವರಿಂದ ಉಗರಗೋಳದ ತನಕ ಗಾಡಿಗೆ ಗಾಡಿ ತಾಗುತ್ತದೆ. ಉಳಿದ ದಿನ ದವಾಖಾನೆ, ಕಚೇರಿ, ಮದುವೆ, ಬೀಗರ ಮನೆ.

ಮೊದಲು ಸೀಟು ಹಿಡಿಯುವುದೆಲ್ಲ ಫೋನಿನಲ್ಲಿ. ಫೋನ್ ಮಾಡುವವರೂ ನನ್ನಂಥವರೇ, ಬಿಡುವ ಮಂದಿ ಅಲ್ಲ.

“ಸಾವಕಾರ್ರ, ಮೂರು ಸೀಟು ಹಿಡೀರಿ. ರೊಕ್ಕಾ ಎರಡಕ್ಕ ಕೊಡ್ತೇನಿ.”

“ಮೂರು ಮಂದಿ ಕುಂದರೂದು, ಎರಡಕ್ಕ ಯಾಕ್ರಿ?”

“ನಮ್ಮತ್ತಿ ಭಾಳ ತೆಳ್ಳಗದಾಳ್ರಿ. ಆಕಿ ಸೀಟು ಹಿಡಿಯೂದಿಲ್ಲ.”

ಒಂದು ಸೀಟಿಗೆ ಕಾಲು ತಾಸು ಹೋಗುತ್ತಿತ್ತು. ಯಂತ್ರದ ಜೊತೆ ಯಾರೂ ಚೌಕಾಸಿ ಮಾಡಲಾರರು ಎಂದು ಲೆಕ್ಕ ಹಾಕಿ, ಫೋನ್ ಬಂದ್ ಮಾಡಿ, ಸೀಟಿಗೆ ಒಂದು ವೆಬ್‌ಸೈಟ್ ಮಾಡಿಸಿದೆ. ಮಾಡಿಕೊಟ್ಟವರು ನಮ್ಮ ಮಾಸ್ತರರು. ಅವರು ಮೊದಲು ಬೈಲಹೊಂಗಲದಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರ್ ಕೇಳುವವರು ಇಲ್ಲವಾದಾಗ ಮಂದಿ ಅಂಗಡಿ ಮುಚ್ಚಿದರು; ಇವರು ನಲವತ್ತು ದಾಟಿದ ಮೇಲೆ ಕೂತು ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ಮುಸಲ್ಮಾನರು, ಕಿತ್ತೂರಿನವರು, ಮುಪ್ಪಿನ ತಾಯಿಯೊಂದಿಗೆ ಇದ್ದವರು. ತಂದೆ ಬೇಗ ಹೋದದ್ದರಿಂದ ತಾಯಿ ಹಾಗೂ ಅಕ್ಕ ಸೇರಿ ಬೀಡಿ ಸುತ್ತಿ ಇವರನ್ನು ಓದಿಸಿದ್ದರು. ದಿನಾ ಕಿತ್ತೂರಿನಿಂದ ಬಂದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರು.

ಇಂಥ ಸೈಟನ್ನು ಈಗ ಯಾರೂ ಬುಡದಿಂದ ಕಟ್ಟುವುದಿಲ್ಲವಂತೆ. ಮನೆಗೆ ಸಿದ್ಧ ಬಾಗಿಲು ಚೌಕಟ್ಟು ಸಿಗುವ ಹಾಗೆ ವೆಬ್ ಫ್ರೇಮ್‌ವರ್ಕ್ ಎಂದು ಒಂದು ಸಿಗುತ್ತದೆ. ಅದಕ್ಕೆ ಜೋಡಿಸುವ ಪ್ಲಗಿನ್ ಒಂದನ್ನು ಮಾಸ್ತರರು ತಂದಿದ್ದರು. ಎಲ್ಲಿಂದ, ಎಲ್ಲಿಗೆ, ಯಾವತ್ತು, ಎಷ್ಟು ಸೀಟು ಎಂದು ಹೇಳಿಬಿಟ್ಟರೆ ಆ ಪ್ಲಗಿನ್ ತಾನೇ ಪುಟ ಕಟ್ಟುತ್ತಿತ್ತು. ಕಟ್ಟಿದ್ದು ಸರಿಯಿದೆಯೇ ಎಂದು ನೋಡಲು ಪರೀಕ್ಷೆಗಳನ್ನೂ ತಾನೇ ಬರೆದಿಡುತ್ತಿತ್ತು. ಅವಕ್ಕೆ ಟೆಸ್ಟ್ ಎನ್ನುತ್ತಾರೆ. ಪಾಸಾದರೆ ಪರದೆಯ ಮೇಲೆ ಹಸಿರು ಸಾಲು, ನಪಾಸಾದರೆ ಕೆಂಪು ಸಾಲು.

“ಇದೇನ ದಿನಾ ಓಡಸ್ತೀರಿ?” ಎಂದು ಕೇಳಿದ್ದೆ.

“ಎತ್ತು ತಗೊಳ್ಳೂಮುಂದ ನೀವೇನ ಮಾಡ್ತೀರಿ ಸಾವಕಾರ್ರ?”

“ಹಲ್ಲ ನೋಡ್ತೇನಿ, ಗೊರಸ ನೋಡ್ತೇನಿ. ಹೂಡಿ ನಾಲ್ಕ ಹೆಜ್ಜಿ ನಡಸ್ತೇನಿ.”

“ಇದೂ ಅದ ರೀ. ದಿನಾ ಮುಂಜಾನೆ ನಾಲ್ಕ ಹೆಜ್ಜಿ ನಡಸೂದು. ಕುಂಟಿದ್ರ ಕೆಂಪ ಆಕೈತಿ.”

ಮಾತು ನನಗೆ ಹಿಡಿಸಿತು. ಕುಂಟು ಎತ್ತನ್ನು ನಾನು ಬದುಕಿನಲ್ಲಿ ಒಮ್ಮೆಯೂ ಕೊಂಡವನಲ್ಲ.

ನಮ್ಮ ಕಡೆಯ ಗಾಡಿಗಳಿಗೆ ಒಂದು ಕಟ್ಟು ಇದೆ. ಅಮಾವಾಸ್ಯೆಯ ದಿನ ಗಾಡಿ ಬಾಡಿಗೆಗೆ ಹೋಗುವುದಿಲ್ಲ. ಅವತ್ತು ತೊಳೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ನಿಲ್ಲಿಸುತ್ತೇವೆ. ನನ್ನ ಆರು ಡ್ರೈವರರಲ್ಲಿ ಇಬ್ಬರು ಮುಸಲ್ಮಾನರು; ಅವರೂ ಅಮಾವಾಸ್ಯೆಗೆ ಚಾವಿ ಮುಟ್ಟುವುದಿಲ್ಲ. ಇದಕ್ಕೆ ಒಂದೇ ಒಂದು ಬಿಡುವು. ಮಣ್ಣಿಗೆ ಹೋಗುವವರಿದ್ದರೆ, ಎಂದರೆ ಸತ್ತವರ ಮುಖ ನೋಡಿ ಮಣ್ಣು ಕೊಡಲು ಹೊರಟವರಿದ್ದರೆ, ಅಮಾವಾಸ್ಯೆಯಾದರೂ ಗಾಡಿ ಹೊರಡಲೇಬೇಕು. ಆ ಬಾಡಿಗೆಗೆ ಚೌಕಾಸಿಯೂ ಇಲ್ಲ. ನಾನೇ ಮಾಡುವುದಿಲ್ಲ ಎಂದ ಮೇಲೆ ತಿಳಿದುಕೊಳ್ಳಿ.

ಇದನ್ನೆಲ್ಲ ಮಾಸ್ತರರು ಸೈಟಿಗೆ ಕಲಿಸಿದರು. ಅಮಾವಾಸ್ಯೆಗೆ ಯಾರಾದರೂ ಸೀಟು ಕೇಳಿದರೆ ಅದು ತಾನಾಗಿ ಮರುದಿನಕ್ಕೆ ಸರಿಯಬೇಕು. ಆದರೆ ಫಾರ್ಮಿನ ಕೆಳಗೆ ಒಂದು ಚೌಕ ಇತ್ತು, ಪಕ್ಕದಲ್ಲಿ ‘ಮಣ್ಣಿಗೆ ಹೊಂಟೇವಿ’ ಎಂದು ಬರೆದಿತ್ತು. ಅದಕ್ಕೆ ಟಿಕ್ ಹೊಡೆದರೆ ದಿನ ಸರಿಯಬಾರದು, ಅವತ್ತೇ ಗಾಡಿ ಬರಬೇಕು.

ಮೊದಲ ಅಮಾವಾಸ್ಯೆ ಬಂದಾಗ ಹನ್ನೊಂದು ಟೆಸ್ಟು ಕೆಂಪಾದವು. ಮಾಸ್ತರರು ಒಂದೊಂದನ್ನೂ ಓದಿ ನಗತೊಡಗಿದರು. ಪ್ಲಗಿನ್ ಬರೆದ ಟೆಸ್ಟುಗಳೆಲ್ಲ ‘ಇವತ್ತಿಗೆ ಸೀಟು ಹಿಡಿ, ಇವತ್ತಿಗೇ ಸಿಕ್ಕಿತೇ ನೋಡು’ ಎನ್ನುತ್ತಿದ್ದವು. ನಮ್ಮ ಸೈಟು ಸೀಟನ್ನು ನಾಳೆಗೆ ಸರಿಸುತ್ತಿತ್ತು. ಆ ಚೌಕಕ್ಕೆ ಟಿಕ್ ಹೊಡೆದು ನೋಡುವ ‘ಮಣ್ಣಿಗೆ’ ಟೆಸ್ಟು ಒಂದೇ ಹಸಿರು; ಅದರಲ್ಲಿ ದಿನ ಸರಿಯುತ್ತಿರಲಿಲ್ಲ.

“ಈ ಪ್ಲಗಿನ್ ಬರದಾಂವಗ ಅಮಾಸಿ ಗೊತ್ತಿಲ್ರಿ ಸಾವಕಾರ್ರ. ಅವ ಯಾವ ದೇಶದಾಂವೋ ಏನೋ.”

“ಹಂಗಾರ ಟೆಸ್ಟ್ ಸುಳ್ಳು?”

“ಸುಳ್ಳಲ್ರಿ. ಅದಕ್ಕ ತಿಳಿದಿಲ್ಲ ಅಷ್ಟ. ಒಂದೊಂದಕ್ಕೂ ಒಂದ ನಿಶ್ಚಿತ ತಾರೀಖ ಕೊಟ್ಟ ತಿದ್ದಿದ್ರ ಸರಿ ಆಕ್ಕಾವು. ಎರಡ ದಿನ ಕೊಡ್ರಿ.”

“ತಿಂಗಳಿಗೊಮ್ಮೆ ಬರೂ ಕೆಂಪಿಗೆ ಎರಡ ದಿನಾ? ಅರ್ಧಾ ದಿನ ಮಾಡ್ರಿ.”

“ಅರ್ಧಾ ದಿನದಾಗ ಆಗೂದಿಲ್ರಿ.”

“ಅರ್ಧ ತಾಸಿನ್ಯಾಗ ಏನ ಆಕೈತಿ, ಅದನ್ನ ಹೇಳ್ರಿ.”

ಅರ್ಧ ತಾಸಿನಲ್ಲಿ ಆದದ್ದು ಇಷ್ಟು: ‘ಅಮಾಸಿಗೆ ಹನ್ನೊಂದು ಕೆಂಪು, ನಡೆಯುತ್ತದೆ’ ಎಂದು ಒಂದು ಚೀಟಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದರು. ಎರಡು ದಿನದ ಕೆಲಸ ಒಂದು ಚೀಟಿಯಲ್ಲಿ ಮುಗಿಯಿತು ಎಂದು ಅವತ್ತು ಊಟದ ಹೊತ್ತಿನಲ್ಲಿ ಮನೆಯವರ ಮುಂದೆ ಕೊಚ್ಚಿಕೊಂಡೆ.

ಮೂರ್ನಾಲ್ಕು ಅಮಾವಾಸ್ಯೆ ಹಾಗೇ ಹೋದವು. ನಡುವೆ ಪ್ಲಗಿನ್ನಿನ ಹೊಸ ಆವೃತ್ತಿ ಬಂತು. ಹಳೆಯದರಲ್ಲಿ ಕಳ್ಳರು ನುಗ್ಗುವ ಸಂದಿ ಇದೆ, ಬದಲಿಸಲೇಬೇಕು ಎಂದು ಮಾಸ್ತರರು ಬದಲಿಸಿದರು. ಅವತ್ತು ಎಲ್ಲ ಹಸಿರು, ಮರುದಿನವೂ ಹಸಿರು. ಮುಂದಿನ ಅಮಾವಾಸ್ಯೆಯ ಮುಂಜಾನೆ ಅಂಗಳದಲ್ಲಿ ಆರೂ ಗಾಡಿ ತೊಳೆದು ನಿಲ್ಲಿಸಿ, ಕಾಯಿ ಕೈಯಲ್ಲಿ ಹಿಡಿದು ನಿಂತಿದ್ದೆ. ಮಾಸ್ತರರು ಒಳಗಿನಿಂದ ಬಂದರು.

“ಸಾವಕಾರ್ರ, ಹನ್ನೆರಡ ಆಗ್ಯಾವ.”

“ಏನು?”

“ಕೆಂಪು. ಹನ್ನೊಂದ ಇರಬೇಕಿತ್ತು, ಒಂದ ಜಾಸ್ತಿ ಆಗೈತಿ.”

“ಸಂತಿಯೊಳಗ ನಿಂಬಿಹಣ್ಣ ತಗೊಂಡ್ರ ಒಂದ ಕೊಸರ ಹಾಕ್ತಾರ ಹೌದಲ್ರಿ? ಇದನ್ನೂ ಕೊಸರಂತ ತಿಳೀರಿ.”

ಡ್ರೈವರರೆಲ್ಲ ನಕ್ಕರು. ಮಾಸ್ತರರೂ ಅರ್ಧ ನಕ್ಕರು.

“ಹತ್ತ ನಿಮಿಷ ಕೊಡ್ರಿ. ಯಾವುದು ಅಂತ ಓದಿ ಬರ್ತೇನಿ.”

“ಕಾಯಿ ಒಡಿಯೂ ಹೊತ್ತ ಮೀರಾಕತ್ತೈತಿ, ಬರ್ರಿ. ಪ್ರತಿ ಅಮಾಸಿಗೆ ಇದೇ ರಗಳಿ ಆತು. ಆ ಟೆಸ್ಟಿನ ಫೈಲ್ ಪೂರಾ ಬಂದ್ ಮಾಡಿಬಿಡ್ರಿ.”

“ಪೂರಾನ? ಬ್ಯಾಡಾದ್ದಷ್ಟ ಆರಿಸಿ ತಗೀತೇನ್ರಿ.”

“ಪೂರಾ. ಅಕ್ಕ್ಯಾಗಿನ ಹಳ್ಳ ಆರಿಸಿದಂಗ ಕುಂದರಬ್ಯಾಡ್ರಿ.”

ಅವರು ಒಳಗೆ ಹೋಗಿ ಆ ಫೈಲಿನ ಟೆಸ್ಟುಗಳು ಓಡದ ಹಾಗೆ ಮಾಡಿ ಬಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ಬಂದು ನಿಂತು ಕಾಯಿಹೋಳು ಇಸಿದುಕೊಂಡರು. ಅಂದಿನಿಂದ ನಮ್ಮ ಪರದೆಯ ಮೇಲೆ ಕೆಂಪು ಇಲ್ಲ. ಎಷ್ಟು ನಿವಾಂತ ಆಯಿತು ಎಂದು ನನಗೆ ಅನ್ನಿಸಿತು.

ಅದರ ಮುಂದಿನ ಅಮಾವಾಸ್ಯೆಯ ದಿನ, ಬೆಳಗಿನ ನಮಾಜಿನ ಹೊತ್ತಿಗೆ, ಮಾಸ್ತರರ ತಾಯಿ ತೀರಿಕೊಂಡರು. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರು. ಸಾಲಹಳ್ಳಿಯ ಅಕ್ಕ ಹಿಂದಿನ ವಾರವೇ ಬರುವವಳಿದ್ದಳು. ಗಂಡನ ಮನೆಯಲ್ಲಿ ಏನೋ ಕೆಲಸ, ನಾಳೆ ನಾಡಿದ್ದು ಎಂದು ದಿನ ಹೋಗಿತ್ತು. ಮಾಸ್ತರರು ಅಕ್ಕನಿಗೆ ಫೋನ್ ಮಾಡಿದರು. ಆಕೆ ಅಳುತ್ತಲೇ ತನ್ನ ಫೋನಿನಲ್ಲಿ ಸೈಟು ತೆರೆದು ಮೂರು ಸೀಟು ಹಿಡಿದಳು. ತಮ್ಮನೇ ಹಿಂದೊಮ್ಮೆ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದ್ದ. ‘ನಿಮ್ಮ ಸೀಟು ಖಾತ್ರಿ’ ಎಂದು ಮೆಸೇಜ್ ಬಂತು. ಆ ಮೆಸೇಜಿನಲ್ಲಿ ತಾರೀಖು ಇರಲಿಲ್ಲ. ಉದ್ದವಾದರೆ ಒಂದಕ್ಕೆ ಎರಡು ಮೆಸೇಜಿನ ದರ ಬೀಳುತ್ತದೆ ಎಂದು ತಾರೀಖನ್ನು ತೆಗೆಸಿದವನು ನಾನು.

ಸುದ್ದಿ ತಿಳಿದ ಕೂಡಲೇ ನಾನು ಬೈಲಹೊಂಗಲದಿಂದ ಕಿತ್ತೂರಿಗೆ ಹೋದೆ. ಮನೆಯ ಮುಂದೆ ಮಂದಿ ಕೂಡುತ್ತಿತ್ತು. ಹನ್ನೊಂದರ ಸುಮಾರಿಗೆ ಮಾಸ್ತರರು ಬಂದು ಕೇಳಿದರು; ಅಕ್ಕನಿಗೆ ಅವರು ಆಪಾ ಎನ್ನುತ್ತಾರೆ:

“ಸಾವಕಾರ್ರ, ಆಪಾ ಹತ್ತರಿಂದ ಸ್ಟ್ಯಾಂಡಿನ್ಯಾಗ ನಿಂತಾಳಂತ. ಗಾಡಿ ಬಂದಿಲ್ಲಂತ.”

“ಮೆಸೇಜ್ ಬಂದೈತಿಲ್ಲ?”

“ಬಂದೈತ್ರಿ. ಖಾತ್ರಿ ಅಂತ ಐತಿ.”

“ಖಾತ್ರಿ ಅಂದಮ್ಯಾಲ ಬರತೈತಿ. ಅಲ್ಲೇ ನಿಂದರಾಕ ಹೇಳ್ರಿ. ಅಮಾಸಿ ನೋಡ್ರಿ, ಡ್ರೈವರ್ ಪೂಜಿ ಮುಗಿಸಿ ಬಿಡ್ತಾನ.”

ಆ ಸಲ ಗಾಡಿಯನ್ನು ತನ್ನ ಊರಲ್ಲೇ ಇಟ್ಟುಕೊಂಡಿದ್ದ ರಾಮದುರ್ಗದ ಡ್ರೈವರನಿಗೆ ಅಲ್ಲೇ ನಿಂತು ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹೂವು ತರಲು ಹೋದವರಿಗೆ ದಾರಿ ಹೇಳುವುದು, ಬಂದವರನ್ನು ಕೂಡಿಸುವುದು, ಇಂಥದರಲ್ಲಿ ನಾನು ಬಹಳ ಮುಂದು. ಮಾಸ್ತರರು ಅಕ್ಕನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ: “ಆಪಾ, ಬಸ್ ಹತ್ತಬ್ಯಾಡ. ನಮ್ಮ ಗಾಡಿ ಬರತೈತಿ.” ಬಸ್ ಹತ್ತಿದ್ದರೆ ರಾಮದುರ್ಗ, ಸವದತ್ತಿ ಬದಲಿಸಿಕೊಂಡು ಹೇಗೋ ಬಂದು ಮುಟ್ಟುತ್ತಿದ್ದಳು. ತಮ್ಮನೇ ಮಾಡಿದ ಸೈಟು, ತಮ್ಮನದೇ ಮಾತು. ಆಕೆ ನಿಂತಳು.

ಒಂದು ಗಂಟೆಗೆ ಮತ್ತೆ ಫೋನ್ ಬಂತು, ಈ ಸಲ ಬರೀ ಅಳು. ಆಗ ಡ್ರೈವರನಿಗೆ ಮಾಡಿದೆ.

“ಏ, ಎಲ್ಲಿದ್ದೀಪಾ?”

“ಮನ್ಯಾಗದೇನ್ರಿ. ಗಾಡಿ ಪೂಜಿ ಆತು, ಹೋಳಗಿ ಉಣ್ಣಾಕತ್ತೇನಿ.”

“ಸಾಲಹಳ್ಳಿ ಸೀಟು?”

“ಅದು ನಾಳಿಗೆ ಐತಲ್ರಿ. ನನ್ನ ಯಾದಿಯೊಳಗ ಇವತ್ತ ಏನೂ ಇಲ್ಲ.”

ಮಣ್ಣಿನ ಸೀಟು ಎಂದು ಹೇಳಿದೆ. ಅವನು ಕೈತೊಳೆಯದೆ ಎದ್ದು ಹೊರಟ, ಸುಳ್ಳು ಹೇಳುವುದಿಲ್ಲ. ಆದರೆ ಸಾಲಹಳ್ಳಿಗೆ ಹೋಗಿ, ಅಲ್ಲಿಂದ ರಾಮದುರ್ಗ, ಸವದತ್ತಿ, ಬೈಲಹೊಂಗಲ ದಾಟಿ ಕಿತ್ತೂರಿಗೆ ಬರಬೇಕು. ಮಧ್ಯಾಹ್ನದ ನಮಾಜಿನ ನಂತರ ಎಂದಿದ್ದ ಮಣ್ಣನ್ನು ಹಿರಿಯರು ಸಂಜೆಯ ನಮಾಜಿನ ತನಕ ತಡೆದರು. ಮಗಳು ಬರಲಿ ಎಂದು. ಅದಕ್ಕಿಂತ ಮುಂದೆ ಇಟ್ಟುಕೊಳ್ಳುವುದು ಅವರ ಪದ್ಧತಿಯಲ್ಲಿ ಸರಿಯಲ್ಲ. ಇನ್ನು ಒಯ್ಯೋಣ ಎಂದಾಗ ಮಾಸ್ತರರು ಹೂಂ ಎಂದು ತಲೆ ಅಲ್ಲಾಡಿಸಿದರು.

ನಾವು ಮಣ್ಣು ಕೊಟ್ಟು ತಿರುಗಿ ಬರುವಾಗ ಓಣಿಯ ಮೂಲೆಯಲ್ಲಿ ನನ್ನ ಗಾಡಿ ಬಂದು ನಿಂತಿತು. ಇಳಿದವಳು ನಮ್ಮ ಕೈಗಳನ್ನು ನೋಡಿದಳು. ಎಲ್ಲರ ಕೈಗೂ ಕೆಂಪು ಮಣ್ಣು ಹತ್ತಿತ್ತು. ಒಳಗೆ ಹೋದಳು. ತಾಯಿಗೆ ನೀರು ಹಾಕಿದ ಹಿತ್ತಲಿನ ಜಾಗ ಇನ್ನೂ ಹಸಿಯಾಗಿತ್ತಂತೆ. ಅಲ್ಲಿ ಹೋಗಿ ಕೂತಳು ಎಂದು ಹೆಂಗಸರು ಹೇಳಿದರು.

ಆಗ ಅವರ ಮನೆತನದ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಏನಾತ್ರಿ ಸಾವಕಾರ್ರ? ನಿಮ್ಮ ಗಾಡಿ ಯಾಕ ಬರಲಿಲ್ಲ?”

ಗೊತ್ತಿಲ್ಲ ಎನ್ನಬಹುದಿತ್ತು. ಅದೇ ನಿಜವಿತ್ತು. ಆದರೆ ದಲ್ಲಾಳಿಗೆ ಸುಮ್ಮನಿರಲು ಬರುವುದಿಲ್ಲ. ಎತ್ತು ಒದ್ದರೆ, ಹಿಡಿದವನಿಗೆ ಹಿಡಿಯಲು ಬರಲಿಲ್ಲ ಎನ್ನುತ್ತೇವೆ.

“ಮಣ್ಣಿಗೆ ಅಂತ ಟಿಕ್ ಹೊಡಿಯೂದ ಇರತೈತ್ರಿ. ಅದನ್ನ ಹೊಡದಿರಲಿಕ್ಕಿಲ್ಲ. ಹೆಣ್ಣಮಕ್ಕಳು, ದುಃಖದಾಗ, ಗಡಿಬಿಡಿಯೊಳಗ ಮರತಿರತಾರ.”

ಆಕೆ ಬಾಗಿಲ ಹತ್ತಿರ ಬಂದಿದ್ದಳು. ಕೇಳಿದಳು. ಮಾಸ್ತರರೂ ಕೇಳಿದರು. ಆಕೆಯ ಗಂಡ ಆಕೆಯ ಕಡೆ ತಿರುಗಿ, “ನಿನಗ ಫೋನ್ ಹಿಡಿಯಾಕ ಬರೂದಿಲ್ಲ, ನನ್ನ ಕೈಯಾಗ ಕೊಡು ಅಂದ್ನಿಲ್ಲ?” ಎಂದ.

ಮಾಸ್ತರರು ಹತ್ತು ದಿನ ಬಿಟ್ಟು ಅಂಗಡಿಗೆ ಬಂದರು. ನೇರವಾಗಿ ಹಿಂದಿನ ಕೋಣೆಗೆ ಹೋಗಿ, ಬಂದ್ ಮಾಡಿದ್ದ ಆ ಫೈಲನ್ನು ತೆರೆದರು. ಕಂಪ್ಯೂಟರಿನ ತಾರೀಖನ್ನು ತಾಯಿ ಸತ್ತ ದಿನಕ್ಕೆ ಇಟ್ಟು ಟೆಸ್ಟು ಓಡಿಸಿದರು. ಹನ್ನೆರಡು ಕೆಂಪು. ಮೇಲಿನ ಹನ್ನೊಂದನ್ನು ಬೆರಳಿನಿಂದ ದಾಟಿಸಿ ಕೊನೆಯದರ ಮೇಲೆ ನಿಂತರು. ಬಹಳ ಹೊತ್ತು ಓದಿದರು. ಅದರಲ್ಲಿ ಇದ್ದದ್ದು ಎರಡೇ ಸಾಲು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಓದ್ರಿ.”

“ನನಗ ಇದು ಬರೂದಿಲ್ರಿ ಮಾಸ್ತರ.”

“ನಾ ಹೇಳ್ತೇನಿ. ‘ಮಣ್ಣಿಗೆ’ ಟಿಕ್ ಹೊಡದೇನಿ. ಇವತ್ತಿಗೆ ಕೇಳೇನಿ, ನಾಳಿಗೆ ಹಾಕೈತಿ. ಇಷ್ಟ ಐತಿ ಇದರಾಗ.”

ಪ್ಲಗಿನ್ ಬದಲಿಸಿದಾಗ ಅದು ತಾನು ಒಳಗೆ ತೆಗೆದುಕೊಳ್ಳುವ ಸಂಗತಿಗಳ ಯಾದಿಯನ್ನು ತಾನೇ ಹೊಸದಾಗಿ ಬರೆದುಕೊಂಡಿತ್ತು. ‘ಮಣ್ಣಿಗೆ’ ಚೌಕವನ್ನು ಮಾಸ್ತರರು ಆ ಯಾದಿಗೆ ಕೈಯಿಂದ ಸೇರಿಸಿದ್ದರು. ಹೊಸ ಯಾದಿಯಲ್ಲಿ ಅದು ಬಿಟ್ಟುಹೋಯಿತು. ಚೌಕ ಪುಟದ ಮೇಲೆ ಇತ್ತು, ಟಿಕ್ ಹೊಡೆದರೆ ಬೀಳುತ್ತಿತ್ತು, ಒಳಗೆ ಹೋಗುವಾಗ ಉದುರುತ್ತಿತ್ತು. ಉಳಿದ ದಿನ ಇದರಿಂದ ಏನೂ ಕೆಡುತ್ತಿರಲಿಲ್ಲ. ಕೆಡುವುದು ಅಮಾವಾಸ್ಯೆಗೆ ಮಾತ್ರ, ಅದೂ ಮಣ್ಣಿಗೆ ಹೊರಟವರಿಗೆ ಮಾತ್ರ. ಅಮಾವಾಸ್ಯೆ ಎಂದರೇನೆಂದು ತಿಳಿಯದ ಆ ಟೆಸ್ಟು ಒಂದು ತಿಂಗಳ ಮೊದಲೇ ಹೇಳಿತ್ತು. ನಾನು ಅದನ್ನು ಕೊಸರು ಎಂದಿದ್ದೆ.

“ಆಪಾ ಟಿಕ್ ಹೊಡದಾಳ್ರಿ,” ಎಂದರು ಮಾಸ್ತರರು. “ನೂರ ಸಲ ಹೊಡದಿದ್ರೂ ಇಷ್ಟ ಆಗತಿತ್ತು.”

“ಮಾಸ್ತರ, ಇದರಾಗ ನನ್ನ ತಪ್ಪ ಅರ್ಧಾ...”

“ಪಾಲ ಹಾಕಬ್ಯಾಡ್ರಿ. ಬಂದ್ ಮಾಡಿದ ಕೈ ನಂದ. ಓದದ ಬಂದ್ ಮಾಡೇನಿ. ಅದನ್ನ ನಾ ನೋಡ್ಕೋತೇನಿ. ಆದ್ರ ಅವತ್ತ ಬಾಗಲದಾಗ ಆಡಿದ ಮಾತ ನಿಮ್ಮದು.”

“ಫೋನ್ ಮಾಡಿ ಹೇಳ್ತೇನಿ ಆಕಿಗೆ.”

“ಫೋನಿನ್ಯಾಗ ಬ್ಯಾಡ್ರಿ. ಹೋಗಿ ಹೇಳ್ರಿ.”

ಹೋದೆ. ಕೈಯಲ್ಲಿ ಒಂದು ಸೀರೆ, ಒಂದು ಪೆಟ್ಟಿಗೆ ಸಿಹಿ. ಬರಿಗೈಯಲ್ಲಿ ಹೋಗಿ ಗೊತ್ತಿಲ್ಲದವನು ನಾನು. ಸವದತ್ತಿ ದಾಟುವಾಗಲೂ, ರಾಮದುರ್ಗ ದಾಟುವಾಗಲೂ ಏನು ಹೇಳಬೇಕೆಂದು ಜೋಡಿಸುತ್ತಲೇ ಇದ್ದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೆರಗು ಸರಿಮಾಡಿಕೊಂಡು ಎದ್ದಳು.

“ಬರ್ರಿ ಅಣ್ಣಾರ, ಕುಂದರ್ರಿ. ಚಾ ಮಾಡ್ತೇನಿ.”

“ಚಾ ಬ್ಯಾಡ್ರಿ ಅಕ್ಕಾರ. ಒಂದ ಮಾತ ಹೇಳಾಕ ಬಂದೇನಿ.”

ನಾನು ಜೋಡಿಸಿಕೊಂಡದ್ದು ಬಾಯಿಗೆ ಬರುವುದರೊಳಗೆ ಆಕೆಯೇ ಶುರುಮಾಡಿದಳು.

“ನಾನೂ ನಿಮ್ಮನ್ನ ಒಂದ ಕೇಳಬೇಕಂತಿದ್ದೆ. ದಿನಾ ಆ ಫೋನ್ ತಗದ ನೋಡ್ತೇನ್ರಿ. ಟಿಕ್ ಹೊಡದೇನಿ ಅಂತ ಅನಸ್ತೈತಿ. ಆಮ್ಯಾಲ, ಎಲ್ಲಿ, ಕಣ್ಣಾಗ ನೀರ ತುಂಬಿದ್ವು, ಹೊಡದಿಲ್ಲೋ ಏನೋ ಅನಸ್ತೈತಿ. ಮನ್ಯಾಗ ಎಲ್ಲಾರೂ ಹೊಡದಿಲ್ಲ ಅಂತಾರ. ನಮ್ಮಮ್ಮನ ಮಾರಿ ನಾನ ಕಳಕೊಂಡ್ನೇನು? ಅದು ಎಲ್ಲೆರೆ ನೋಡಾಕ ಬರತೈತೇನ್ರಿ, ಹೊಡದಿದ್ನೋ ಇಲ್ಲೋ?”

ಮಣ್ಣಾದ ಮೇಲಿನ ಈ ಹದಿಮೂರು ದಿನ ಆಕೆ ತಾಯಿಗಾಗಿ ಅತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಆ ಒಂದು ಚೌಕದ ಮುಂದೆ ಕೂತಿದ್ದಳು.

“ಹೊಡದೀರಿ,” ಎಂದೆ. “ನೀವು ಹೊಡದೀರಿ ಅಕ್ಕಾರ. ನಮ್ಮ ಸೈಟ್ ಅದನ್ನ ಇಟ್ಟಕೊಳ್ಳಲಿಲ್ಲ. ಒಂದ ತಿಂಗಳ ಮೊದಲ ಕೆಂಪ ಆಗಿ ತೋರಿಸಿತ್ತು. ಮಾಸ್ತರ ಓದ್ತೇನಿ ಅಂದ್ರು, ನಾ ಬಿಡಲಿಲ್ಲ.”

ಆಕೆ ಮೊರದಲ್ಲಿದ್ದ ಜೋಳವನ್ನು ಚೀಲಕ್ಕೆ ಸುರಿದಳು.

“ಹಂಗಾರ ಅವತ್ತ, ಅಷ್ಟ ಮಂದಿ ಮುಂದ, ನಾ ಹೊಡದಿಲ್ಲ ಅಂತ ಯಾಕ ಅಂದ್ರಿ? ಆಗ ನಿಮಗ ಗೊತ್ತಿತ್ತೇನು?”

“ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ, ಅಂದ್ರೂ ಅಂದ್ರಿ.”

ಸೀರೆ, ಸಿಹಿ ಮುಂದೆ ಇಟ್ಟು, ಇನ್ನು ಮುಂದೆ ಅವರ ಮನೆಯ ಯಾರಿಗೂ ನನ್ನ ಗಾಡಿಯಲ್ಲಿ ಬಾಡಿಗೆ ಇಲ್ಲ ಎಂದು ಹೇಳಹೊರಟೆ. ಆಕೆ ಕೈ ಎತ್ತಿ ತಡೆದಳು.

“ಇದನ್ನ ತಗೊಂಡ ಹೋಗ್ರಿ. ನೀವು ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದ ಅದನ್ನ ತಿರುಗಿ ತಗೋರಿ. ನನಗ ಅಷ್ಟ ಸಾಕು.”

ಅಷ್ಟು ಹೇಳಿ ಒಳಗೆ ಹೋದಳು. ಆಮೇಲೆ ಒಳಗಿನಿಂದ ಅಳು ಕೇಳಿಸಿತು. ದೊಡ್ಡದಾಗಿ, ಸಣ್ಣ ಹುಡುಗಿಯ ಹಾಗೆ, ಅಮ್ಮಾ ಅಮ್ಮಾ ಎಂದು. ನಾನು ಸೀರೆ ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ. ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಹೇಳುವವರು ಯಾರೂ ಇರಲಿಲ್ಲ.

ನಲವತ್ತನೆಯ ದಿನ ಕಿತ್ತೂರಿನ ಮನೆಯಲ್ಲಿ ಮಂದಿ ಕೂಡಿದಾಗ ಹೋದೆ. ಊಟಕ್ಕೆ ಕೂಡುವ ಮೊದಲು ಎದ್ದು ನಿಂತು, ಅವತ್ತಿನ ಹಿರಿಯರ ಹೆಸರು ಹಿಡಿದು ಕರೆದು, ನಾನು ಅಂದದ್ದು ಸುಳ್ಳು, ಟಿಕ್ ಬಿದ್ದಿತ್ತು, ನನ್ನ ಸೈಟು ಕೆಟ್ಟಿತ್ತು, ಕೆಟ್ಟದ್ದು ತೋರಿದಾಗ ನಾನೇ ಓದಗೊಡಲಿಲ್ಲ ಎಂದು ಹೇಳಿದೆ. ಜೀವಮಾನದಲ್ಲಿ ಹಾಗೆ ಇಳಿಸದೆ ಏರಿಸದೆ ಮಾತಾಡಿದ್ದು ಅದೊಂದೇ ಸಲ. ಹಿರಿಯರು “ಆತು, ಕುಂದರ್ರಿ” ಎಂದರು. ಆಕೆಯ ಗಂಡ ತಲೆ ತಗ್ಗಿಸಿದ. ಆಕೆ ಪರದೆಯ ಆಚೆ ಹೆಂಗಸರ ನಡುವೆ ಇದ್ದಳು. ಕೇಳಿದಳೋ ಇಲ್ಲವೋ ನನಗೆ ಕಾಣಲಿಲ್ಲ. ಅವತ್ತು ಆಕೆ ಬಂದದ್ದು ಬಸ್ಸಿನಲ್ಲಿ. ಹೋದದ್ದೂ ಬಸ್ಸಿನಲ್ಲಿ. ಈಗಲೂ ತಮ್ಮನ ಮನೆಗೆ ಬಸ್ಸಿನಲ್ಲೇ ಬರುತ್ತಾಳೆ.

ಮಾಸ್ತರರು ಈಗಲೂ ನನ್ನಲ್ಲೇ ಇದ್ದಾರೆ. ಬಿಟ್ಟುಹೋದ ಚೌಕವನ್ನು ಯಾದಿಗೆ ಮತ್ತೆ ಸೇರಿಸಿದರು. ಹನ್ನೆರಡೂ ಟೆಸ್ಟನ್ನು ತಿದ್ದಿದರು, ಎರಡು ದಿನ ಹಿಡಿಯಿತು. ಅಮಾವಾಸ್ಯೆಯ ತಾರೀಖು, ಮರುದಿನದ ತಾರೀಖು ಎಲ್ಲ ಟೆಸ್ಟಿನೊಳಗೇ ಬರೆದಿಟ್ಟರು. ಈಗ ಯಾವ ದಿನ ಓಡಿಸಿದರೂ ಅಮಾವಾಸ್ಯೆಯ ಪರೀಕ್ಷೆ ಆಗುತ್ತದೆ. ಚೀಟಿ ತಾವೇ ಕಿತ್ತು ಹಾಕಿದರು. ಮೊದಲಿನಂತೆ ನಗುವುದಿಲ್ಲ. ಒಂದು ಕೆಲಸಕ್ಕೆ ಇಷ್ಟು ದಿನ ಎಂದು ಹೇಳಿ ನನ್ನ ಮುಖ ನೋಡುತ್ತಾರೆ. ನಾನು ಆತ್ರಿ ಎನ್ನುತ್ತೇನೆ.

ನೀವು ಅಂಗಡಿ ನಡೆಸುವವರಿರಬಹುದು, ಇಂಥದೊಂದು ಸೈಟು ಮಾಡಿಸುವವರಿರಬಹುದು. ನನ್ನ ಮಾತು ಕೇಳಿ. ಕೂಲಿಯಲ್ಲಿ ಚೌಕಾಸಿ ಮಾಡಿ, ಜಾಗದ ಬಾಡಿಗೆಯಲ್ಲಿ ಮಾಡಿ, ಪರೀಕ್ಷೆಯಲ್ಲಿ ಮಾಡಬೇಡಿ. ಕೆಂಪು ಬಂದರೆ ಎಷ್ಟು ಬಂದವು ಎಂದು ಎಣಿಸಬೇಡಿ, ಕೂತು ಒಂದೊಂದನ್ನೂ ಓದಿಸಿ. ಯಾವತ್ತೂ ಕೆಂಪಾಗಿಯೇ ಇರುವ ಟೆಸ್ಟನ್ನು ತಿದ್ದದೆ ಇಟ್ಟುಕೊಳ್ಳಬೇಡಿ. ಅದಕ್ಕೆ ಕಣ್ಣು ರೂಢಿಯಾದರೆ ಅದರ ಪಕ್ಕದಲ್ಲಿ ಬಂದು ಕೂತದ್ದು ಕಾಣುವುದಿಲ್ಲ. ಸಿದ್ಧ ಪ್ಲಗಿನ್ ತಾನಾಗಿ ಬರೆದುಕೊಟ್ಟ ಟೆಸ್ಟು ನಿಮ್ಮ ಊರಿನ ಪದ್ಧತಿ ತಿಳಿಯದು ಎಂದು ಅದನ್ನು ಬಂದ್ ಮಾಡಬೇಡಿ, ನಿಮ್ಮ ಪದ್ಧತಿಯನ್ನು ಅದಕ್ಕೆ ಕಲಿಸಿ. ಅದಕ್ಕೆ ತಗಲುವ ದಿನ ಕೊಡಿ. ಪ್ಲಗಿನ್ ಬದಲಿಸಿದ ದಿನ ನೀವು ಕೈಯಿಂದ ಸೇರಿಸಿದ್ದು ಉಳಿದಿದೆಯೇ ಎಂದು ಖುದ್ದು ನೋಡಿ. ಗಿರಾಕಿಗೆ ಹೋಗುವ ಮೆಸೇಜಿನಲ್ಲಿ ತಾರೀಖು ಇರಲಿ, ಎರಡು ಮೆಸೇಜಿನ ದರ ಬಿದ್ದರೂ ಚಿಂತೆಯಿಲ್ಲ. ಮನುಷ್ಯ ಎತ್ತಿಕೊಳ್ಳುವ ಒಂದು ಫೋನ್ ನಂಬರು ಪುಟದ ಮೇಲೆ ದೊಡ್ಡದಾಗಿ ಇರಲಿ. ಅದರಲ್ಲಿ ನಾಲ್ಕು ಮಂದಿ ಚೌಕಾಸಿ ಮಾಡಲಿ, ಬಿಡಿ.

ಯಾರಾದರೂ ‘ನಾನು ಒತ್ತಿದ್ದೆ’ ಎಂದರೆ, ಒತ್ತಿದ್ದಾರೆ ಎಂದೇ ಹಿಡಿದು ಮೊದಲು ನಿಮ್ಮ ಕಡೆ ಹುಡುಕಿ. ಹುಡುಕುವ ತನಕ ಗೊತ್ತಿಲ್ಲ ಎನ್ನಿ. ಗೊತ್ತಿಲ್ಲ ಎನ್ನಲು ಖರ್ಚಿಲ್ಲ.

ಹಾಗೆಯೇ, ಮಣ್ಣಿಗೆ ಹೊರಟವರು ನಿಮ್ಮನ್ನು ನಂಬಿ ಗಾಡಿ ಕೇಳಿದರೆ ಪರದೆ ನೋಡಿ ಖಾತ್ರಿ ಎನ್ನಬೇಡಿ. ಡ್ರೈವರನಿಗೆ ಫೋನ್ ಹಚ್ಚಿ. ಹೊರಟೆಯಾ ಎಂದು ಕೇಳಿ. ಹೊರಟೆ ಅಂದರೂ ಫೋನ್ ಇಡಬೇಡಿ. ಎಂಜಿನ್ ಸದ್ದು ನಿಮ್ಮ ಕಿವಿಗೆ ಬಿದ್ದ ಮೇಲೆ ಇಡಿ.